ಹೆದ್ದಾರಿಯಿಂದ ಮನೆದಾರಿಗೆ

ಲಾರಿಯ ಹಣೆಯ ಮೇಲೆ ಮಕ್ಕಳ ಹೆಸರು ಬರೆಸುವುದು ನಮ್ಮಲ್ಲಿ ಹಳೆಯ ವಾಡಿಕೆ. ದೇವರ ಹೆಸರಿನ ಪಕ್ಕದಲ್ಲೋ ಕೆಳಗೋ ಹಳದಿ, ಕೆಂಪು ಬಣ್ಣದಲ್ಲಿ ಒಂದೆರಡು ಪುಟ್ಟ ಹೆಸರುಗಳಿರುತ್ತವೆ. ಆ ಹೆಸರುಗಳು ದೆಹಲಿ, ಕೋಲ್ಕತ್ತಗಳನ್ನೆಲ್ಲ ಸುತ್ತಿ ಬರುತ್ತವೆ. ಹೆಸರಿನ ಒಡೆಯರಾದ ಮಕ್ಕಳು ಮಾತ್ರ ಊರಿನಲ್ಲಿ ಶಾಲೆಗೆ ಹೋಗುತ್ತ, ‘ಅಪ್ಪ ಈಗ ಎಲ್ಲಿದ್ದಾರೆ?’ ಎಂದು ಅಮ್ಮನನ್ನು ಕೇಳುತ್ತ ಬೆಳೆಯುತ್ತಾರೆ.

ದೂರದ ಲಾರಿ ಬಿಟ್ಟು ಊರಿನ ಸುತ್ತಮುತ್ತಲೇ ಗಾಡಿ ಓಡಿಸುವ ಕೆಲಸಕ್ಕೆ ಬಂದುಬಿಡೋಣವೇ? ಚಾಲಕರ ಮನೆಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ದಿನ ಏಳುತ್ತದೆ. ಮಗ ಎಂಟನೆಯ ತರಗತಿಗೆ ಬಂದು ಮಾತು ಕೇಳದಂತಾದಾಗ, ಮಗಳ ಎಸ್ಸೆಸ್ಸೆಲ್ಸಿ ಹತ್ತಿರವಾದಾಗ, ಇಲ್ಲವೇ ಮನೆಯ ಹಿರಿಯರು ಹಾಸಿಗೆ ಹಿಡಿದಾಗ ಅದು ಜೋರಾಗಿಯೇ ಕೇಳಿಸುತ್ತದೆ. ‘ಸಂಬಳ ಕಡಿಮೆಯಾಗುತ್ತದೆ’ ಎಂಬ ಒಂದೇ ಮಾತಿಗೆ ಬಹಳ ಸಲ ಅಲ್ಲಿಗೇ ಅಡಗಿಬಿಡುತ್ತದೆ. ಆದರೆ ಇದು ಒಂದು ಮಾತಿನಲ್ಲಿ ಮುಗಿಸುವ ವಿಷಯವಲ್ಲ. ಕಾಗದ, ಪೆನ್ಸಿಲು ಹಿಡಿದು ಮನೆಮಂದಿಯೆಲ್ಲ ಕೂತು ಮಾಡಬೇಕಾದ ಲೆಕ್ಕ. ಅದರಲ್ಲಿ ಹಣದಷ್ಟೇ ಹೊತ್ತನ್ನೂ ಎಣಿಸಬೇಕು. ಅದೂ ಮಕ್ಕಳು ಎಚ್ಚರವಾಗಿರುವ ಹೊತ್ತನ್ನು.

ಹದಿನಾರು ವರ್ಷದಲ್ಲಿ ಎಷ್ಟು ದಿನ?

ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಸುಮಾರು 2,150 ಕಿ.ಮೀ. ನಮ್ಮ ದೇಶದಲ್ಲಿ ಸರಕು ಲಾರಿ ದಿನಕ್ಕೆ 300ರಿಂದ 400 ಕಿ.ಮೀ. ಸಾಗುವುದು ಸಾಮಾನ್ಯ. 350 ಎಂದಿಟ್ಟುಕೊಂಡರೆ ಹೋಗಲು ಆರು ದಿನ, ಬರಲು ಆರು ದಿನ. ಅಲ್ಲಿ ಸರಕು ಇಳಿಸಿದ ಮೇಲೆ ವಾಪಸಿಗೆ ಲೋಡು ಸಿಗುವವರೆಗೆ ಕಾಯಬೇಕು. ಕಾಯುವುದು ಎರಡೇ ದಿನ ಎಂದರೂ ಒಂದು ಟ್ರಿಪ್ಪಿಗೆ 14 ದಿನವಾಯಿತು. ಮನೆಯಲ್ಲಿ ಎರಡು ದಿನ ಇದ್ದು ಮತ್ತೆ ಹೊರಟರೆ 16 ದಿನಕ್ಕೊಂದು ಸುತ್ತು. ವರ್ಷಕ್ಕೆ ಸುಮಾರು 23 ಸುತ್ತುಗಳು, ಮನೆಯಲ್ಲಿ ಕಳೆದದ್ದು 46 ದಿನಗಳು. ಹಬ್ಬ, ಮದುವೆ, ಕಾಯಿಲೆ ಎಂದು ಇನ್ನೂ ನಾಲ್ಕು ದಿನ ಸೇರಿಸಿ 50 ಎನ್ನೋಣ.

ಮಗು ಹುಟ್ಟಿದಂದಿನಿಂದ ಎಸ್ಸೆಸ್ಸೆಲ್ಸಿ ಮುಗಿಸುವವರೆಗೆ 16 ವರ್ಷ. ವರ್ಷಕ್ಕೆ 50 ದಿನದಂತೆ ಒಟ್ಟು 800 ದಿನ. ಎಂದರೆ ಎರಡು ವರ್ಷದ ಮೇಲೆ ಎರಡು ತಿಂಗಳು ಚಿಲ್ಲರೆ. ಉಳಿದ ಹದಿಮೂರು ವರ್ಷಕ್ಕೂ ಮಿಕ್ಕ ಕಾಲ ಅಪ್ಪ ಎಂದರೆ ಫೋನಿನಲ್ಲಿ ಕೇಳುವ ದನಿ.

ಆ 50 ದಿನಗಳೂ ಪೂರ್ತಿಯಾಗಿ ಮಕ್ಕಳಿಗೆ ಸಿಗುವುದಿಲ್ಲ. ಎರಡು ವಾರ ಸರಿಯಾಗಿ ನಿದ್ದೆ ಕಾಣದೆ ಬಂದ ದೇಹ ಮೊದಲು ನಿದ್ದೆ ಕೇಳುತ್ತದೆ. ಮಕ್ಕಳೋ ಶಾಲೆಗೆ ಹೋಗಿರುತ್ತಾರೆ. ಹೀಗಾಗಿ ದಿನಕ್ಕೆ ಎಂಟು ಗಂಟೆ ಜೊತೆಗಿದ್ದರು ಎಂದು ಧಾರಾಳವಾಗಿಯೇ ಹಿಡಿದರೂ ವರ್ಷಕ್ಕೆ 400 ಗಂಟೆ. ಊರಲ್ಲೇ ಕೆಲಸ ಮಾಡುವ ಚಾಲಕ ಸಂಜೆ ಏಳಕ್ಕೆ ಮನೆಗೆ ಬಂದರೆ ಮಕ್ಕಳು ಮಲಗುವವರೆಗೆ ದಿನಕ್ಕೆ ಮೂರು ಗಂಟೆ. 300 ದಿನಗಳಿಗೆ 900 ಗಂಟೆ, 52 ಭಾನುವಾರಗಳಿಗೆ ಎಂಟರಂತೆ 416 ಗಂಟೆ, ಒಟ್ಟು 1,316. ಮೂರು ಪಟ್ಟಿಗೂ ಹೆಚ್ಚು. ಪ್ರತಿ ಮನೆಯ ಅಂಕಿ ಬೇರೆ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ದೇಹದೊಳಗಿನ ಗಡಿಯಾರ

ಮನೆಯ ಮಾತು ಹಾಗಿರಲಿ, ಚಾಲಕನ ದೇಹದ ಮಾತೂ ಇದೆ. ನಮ್ಮ ಮಿದುಳಿನೊಳಗೆ ಒಂದು ಗಡಿಯಾರ ನಡೆಯುತ್ತಿರುತ್ತದೆ. ಕಣ್ಣಿನಿಂದ ಬರುವ ಬೆಳಕಿನ ಸುದ್ದಿಯನ್ನು ಆಧರಿಸಿ ಅದು ಹಗಲು ರಾತ್ರಿಗಳಿಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಕತ್ತಲಾದಂತೆ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ರಸ ಒಸರಿ ನಿದ್ದೆಗೆ ಅಣಿಮಾಡುತ್ತದೆ. ಬೆಳಗಿನ ಜಾವ ಎರಡರಿಂದ ಐದು ಗಂಟೆಯ ನಡುವೆ ದೇಹದ ಉಷ್ಣತೆ ಕನಿಷ್ಠ ಮಟ್ಟಕ್ಕಿಳಿದು, ಎಚ್ಚರ ತೀರ ಮಂದವಾಗುತ್ತದೆ. ಹಣ್ಣಿನ ನೊಣಗಳ ಮೇಲೆ ಪ್ರಯೋಗ ನಡೆಸಿ ಈ ಗಡಿಯಾರದ ಒಳಗುಟ್ಟನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎಷ್ಟೇ ವರ್ಷ ರಾತ್ರಿ ಗಾಡಿ ಓಡಿಸಿದರೂ ಈ ಗಡಿಯಾರ ಸುಲಭಕ್ಕೆ ಬದಲಾಗುವುದಿಲ್ಲ. ಬೆಳಗಾದರೆ ಸೂರ್ಯ ಅದನ್ನು ಮತ್ತೆ ಸರಿಹೊಂದಿಸಿಬಿಡುತ್ತಾನೆ. ಹೀಗಾಗಿ ಹಗಲು ಕ್ಯಾಬಿನ್ನಿನಲ್ಲಿ ಮಲಗಿದವನ ನಿದ್ದೆ ಗಿಡ್ಡವಾಗುತ್ತದೆ, ತೆಳುವಾಗುತ್ತದೆ. ಸೆಕೆಯೂ ಸದ್ದೂ ಅದಕ್ಕೆ ಜೊತೆಗೂಡುತ್ತವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿರುವುದು ಒಳ್ಳೆಯ ಹೆಜ್ಜೆ. ಹಳೆಯ ಲಾರಿಗಳಲ್ಲಿ ದುಡಿಯುವವರಿಗೆ ಮಾತ್ರ ಹಳೆಯ ಸೆಕೆಯೇ ಗತಿ.

ನಿದ್ದೆಗೆಟ್ಟವನು ಕುಡಿದವನಿಗೆ ಸಮ ಎಂಬ ಮಾತು ಉತ್ಪ್ರೇಕ್ಷೆಯಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಂತೆ, 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯಸಾರ ಇರುವವರಷ್ಟೇ ಕುಗ್ಗಿತ್ತು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಹಾಕಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ಒಂದು ತೊಟ್ಟೂ ಕುಡಿಯದ ಚಾಲಕ ಬರೀ ನಿದ್ದೆಗೇಡಿನಿಂದಲೇ ಆ ಮಿತಿಯನ್ನು ದಾಟಿದ ಸ್ಥಿತಿ ತಲುಪುತ್ತಾನೆ. ಅದನ್ನು ಅಳೆಯಲು ಪೊಲೀಸರ ಬಳಿ ಊದಿಸುವ ಯಂತ್ರವಿಲ್ಲ.

ವಿದ್ಯಾರ್ಥಿಗಳು ಇನ್ನೊಂದು ಲೆಕ್ಕ ಮಾಡಬಹುದು. ಗಂಟೆಗೆ 72 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 20 ಮೀಟರ್. ಚಾಲಕನ ಕಣ್ಣು ಮೂರೇ ಸೆಕೆಂಡು ಮುಚ್ಚಿದರೆ ಲಾರಿ 60 ಮೀಟರ್ ಕುರುಡಾಗಿ ಓಡಿರುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನಿದ್ದೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬದುಕುಳಿದವರೂ ‘ಕಣ್ಣು ಹತ್ತಿತ್ತು’ ಎಂದು ಒಪ್ಪಿಕೊಳ್ಳುವುದು ಅಪರೂಪ.

ಕಾಯ್ದೆ ಏನು ಹೇಳಿತ್ತು?

ಚಾಲಕನಿಗೂ ದುಡಿಮೆಯ ಗಂಟೆಗಳಿವೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ದೂರದ ಮಾರ್ಗಗಳಲ್ಲಿ ಮಾತ್ರ ಅನುಮತಿಯ ಮೇರೆಗೆ ದಿನಕ್ಕೆ ಹತ್ತು, ವಾರಕ್ಕೆ 54 ಗಂಟೆಯವರೆಗೆ ಹೋಗಬಹುದಿತ್ತು. ಈ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಯಾಯಿತು. ಅಲ್ಲಿಯೂ ದಿನದ ದುಡಿಮೆ ಎಂಟು ಗಂಟೆ. ಅಮೆರಿಕದಲ್ಲಿ ಸರಕು ಲಾರಿಯ ಚಾಲಕ ಹತ್ತು ಗಂಟೆ ಬಿಡುವಿನ ಬಳಿಕ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. 2017ರ ಡಿಸೆಂಬರಿನಿಂದ ಅದನ್ನು ಬರೆದಿಡುವ ವಿದ್ಯುನ್ಮಾನ ಯಂತ್ರವೂ ಅಲ್ಲಿನ ಬಹುಪಾಲು ಲಾರಿಗಳಿಗೆ ಕಡ್ಡಾಯವಾಯಿತು. ನಮ್ಮಲ್ಲಿ ಒಬ್ಬಂಟಿ ಚಾಲಕನ ಗಂಟೆಗಳನ್ನು ಎಣಿಸುವವರು ಯಾರು? ‘ಎಷ್ಟು ಬೇಗ ತಲುಪುತ್ತೀಯ?’ ಎಂದು ಕೇಳುವವರೇ ಹೆಚ್ಚು.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ಗಡಿಯಲ್ಲಿದ್ದ ತೆರಿಗೆ ತಪಾಸಣಾ ಠಾಣೆಗಳು ಹೋದವು. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲ್ ಗೇಟಿನ ಸಾಲೂ ಮೊಟಕಾಯಿತು. ಪ್ರಯಾಣದ ಹೊತ್ತು ಉಳಿಯಿತು, ನಿಜ. ಆದರೆ ಹಾಗೆ ಉಳಿದ ಹೊತ್ತು ತಾನಾಗಿ ಚಾಲಕನ ಮನೆಗೆ ಬಂದು ಸೇರುವುದಿಲ್ಲ. ಬೇಗ ಬಂದ ಲಾರಿಗೆ ಬೇಗನೆ ಮುಂದಿನ ಲೋಡು ಕಾದಿರುತ್ತದೆ. ಮನೆಗೆ ಹೊತ್ತು ಬೇಕಿದ್ದರೆ ಅದನ್ನು ಬೇರೆಯಾಗಿ ಎತ್ತಿಡಬೇಕು.

ಊರಿಗೆ ಬಂದವನು ಮನೆಗೆ ಬರುತ್ತಾನೆಯೇ?

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ಲಾರಿ ಚಾಲಕನಿಗೆ ಅನ್ವಯಿಸುವುದಿಲ್ಲ. ಊರಿನಲ್ಲೇ ಕೆಲಸ ಹಿಡಿದೂ ಮಕ್ಕಳ ಮುಖ ಕಾಣದ ಚಾಲಕರಿದ್ದಾರೆ. ಕೆಲಸ ಬದಲಿಸುವವರು ಮೊದಲು ಗಮನಿಸಬೇಕಾದ್ದು ಇದನ್ನೇ.

ಹಾಲಿನ ಗಾಡಿಯನ್ನೇ ತೆಗೆದುಕೊಳ್ಳಿ. ಡೇರಿಯಿಂದ ಪ್ಯಾಕೆಟ್ ಹಾಲನ್ನು ಅಂಗಡಿಗಳಿಗೆ ಮುಟ್ಟಿಸುವ ವ್ಯಾನು ನಡುರಾತ್ರಿ ದಾಟಿದ ಮೇಲೆ ಹೊರಟು ಬೆಳಕು ಹರಿಯುವಷ್ಟರಲ್ಲಿ ಕೆಲಸ ಮುಗಿಸಬೇಕು. ಚಾಲಕ ಮನೆಗೆ ಬರುವಾಗ ಮಕ್ಕಳು ಶಾಲೆಗೆ ಹೊರಟಿರುತ್ತಾರೆ. ಆದರೆ ಮಧ್ಯಾಹ್ನ ಮಲಗಿ ಎದ್ದರೆ ಸಂಜೆ ನಾಲ್ಕರಿಂದ ರಾತ್ರಿ ಮಲಗುವವರೆಗೆ ಮನೆಯಲ್ಲೇ ಇರಬಹುದು. ಹಳ್ಳಿಗಳ ಸಂಘಗಳಿಂದ ಹಾಲು ತರುವ ಗಾಡಿಯ ಲಯ ಬೇರೆ. ಹಾಲು ಕರೆಯುವುದು ದಿನಕ್ಕೆರಡು ಹೊತ್ತು. ಸಂಜೆಯ ಸುತ್ತೂ ಇದ್ದರೆ ಮಕ್ಕಳು ಮನೆಗೆ ಬರುವ ಹೊತ್ತೇ ಕೈತಪ್ಪುತ್ತದೆ.

ಮಾರುಕಟ್ಟೆಗೆ ತರಕಾರಿ ಸಾಗಿಸುವ ಗಾಡಿಗಳ ಓಟ ರಾತ್ರಿಯಿಂದ ನಸುಕಿನವರೆಗೆ. ಬೆಂಗಳೂರಿನಂಥ ನಗರಗಳಲ್ಲಿ ಭಾರೀ ಸರಕು ವಾಹನಗಳಿಗೆ ದಟ್ಟಣೆಯ ಹೊತ್ತಿನಲ್ಲಿ ನಿರ್ಬಂಧವಿರುವುದರಿಂದ, ಜಲ್ಲಿ, ಸಿಮೆಂಟು ಹೊರುವ ಗಾಡಿಗಳೂ ರಾತ್ರಿಗೆ ಬೀಳುತ್ತವೆ. ಅಡುಗೆ ಅನಿಲದ ಸಿಲಿಂಡರು ಹಂಚುವ ಗಾಡಿ, ಗೋದಾಮಿನಿಂದ ಅಂಗಡಿಗಳಿಗೆ ಸಾಮಾನು ಮುಟ್ಟಿಸುವ ಗಾಡಿ ಹಗಲಿನವು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಇಂಥ ಸಣ್ಣ ಸರಕು ಗಾಡಿಗಳು ಊರೂರಿಗೂ ಹಬ್ಬಿದವು. ದೊಡ್ಡ ಲಾರಿ ಊರ ಹೊರಗಿನ ಗೋದಾಮಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಗಲ್ಲಿಗಳಿಗೆ ಹಂಚುವ ಕೆಲಸ ಸಣ್ಣ ಗಾಡಿಯದು. ದೂರದ ಚಾಲಕ ಊರಿಗೆ ಮರಳಲು ಇದೊಂದು ಬಾಗಿಲು.

ಶಾಲಾ ಬಸ್ಸಿನ ಕೆಲಸ ಇವೆಲ್ಲಕ್ಕಿಂತ ಮಕ್ಕಳ ವೇಳಾಪಟ್ಟಿಗೆ ಹತ್ತಿರ. ಅದಕ್ಕೆ ವರ್ಷಗಳ ಅನುಭವ, ಚೊಕ್ಕ ದಾಖಲೆ ಎರಡನ್ನೂ ಕೇಳುತ್ತಾರೆ. ಸಾರಿಗೆ ನಿಗಮದ ಕೆಲಸಕ್ಕೆ ಓದು, ವಯಸ್ಸು, ಎತ್ತರಗಳ ನಿಯಮಗಳಿವೆ; ನಲವತ್ತೈದು ದಾಟಿದ ಮೇಲೆ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಆದ್ದರಿಂದ ಹೊಸ ಕೆಲಸ ಕೇಳುವಾಗ ‘ಸಂಬಳ ಎಷ್ಟು?’ ಎಂಬುದರ ಜೊತೆಗೆ ‘ಗಾಡಿ ಎಷ್ಟಕ್ಕೆ ಹೊರಡುತ್ತದೆ, ಎಷ್ಟಕ್ಕೆ ನಿಲ್ಲುತ್ತದೆ, ವಾರದ ರಜೆ ಯಾವತ್ತು?’ ಎಂದೂ ಕೇಳಬೇಕು. ಸಂಬಳದ ಚೀಟಿ, ಭವಿಷ್ಯನಿಧಿ, ಇಎಸ್‌ಐ ಇವೆಯೇ ಎಂದು ವಿಚಾರಿಸಲು ಸಂಕೋಚಪಡಬಾರದು.

ಹಣದ ಲೆಕ್ಕ

ಈಗ ಹಣದ ಮಾತು. ಲೆಕ್ಕದ ರೀತಿ ತಿಳಿಯಲಿ ಎಂದಷ್ಟೇ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ದೂರದ ಕೆಲಸದಲ್ಲಿ ಸಂಬಳ, ಬಾಟಾ ಸೇರಿ ತಿಂಗಳಿಗೆ 30,000 ರೂಪಾಯಿ, ಊರಿನ ಕೆಲಸದಲ್ಲಿ 20,000 ಎನ್ನೋಣ. ಮೇಲ್ನೋಟಕ್ಕೆ ಹತ್ತು ಸಾವಿರ ಖೋತಾ.

ಆದರೆ ದಾರಿಯಲ್ಲಿ ಊಟ, ಟೀ, ಸ್ನಾನ, ಸಣ್ಣಪುಟ್ಟ ಖರ್ಚಿಗೆ ದಿನಕ್ಕೆ 350 ರೂಪಾಯಿಯಂತೆ 25 ದಿನಕ್ಕೆ 8,750 ಹೋಗುತ್ತದೆ. ಮನೆಗೆ ಮುಟ್ಟುವುದು 21,250. ಊರಿನ ಕೆಲಸದಲ್ಲಿ ಬುತ್ತಿ ಕಟ್ಟಿಕೊಂಡು ಹೋದರೆ ಹೊರಗಿನ ಖರ್ಚು ದಿನಕ್ಕೆ 60ರಂತೆ 26 ದಿನಕ್ಕೆ 1,560. ಮನೆಯಲ್ಲಿ ಒಬ್ಬರ ಊಟ ಹೆಚ್ಚಾದ್ದಕ್ಕೆ ದಿನಸಿಗೆ 1,500. ಕೈಯಲ್ಲಿ ಉಳಿಯುವುದು 16,940. ನಿಜವಾದ ವ್ಯತ್ಯಾಸ ಹತ್ತು ಸಾವಿರವಲ್ಲ, 4,310.

ಇದೇನು ಸಣ್ಣ ಮೊತ್ತವಲ್ಲ. ಬಡವರ ಮನೆಯಲ್ಲಿ ನಾಲ್ಕು ಸಾವಿರವೆಂದರೆ ಮನೆ ಬಾಡಿಗೆ, ಇಲ್ಲವೇ ಮಗಳ ಕಾಲೇಜಿನ ಫೀಜು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹೇಳುವಷ್ಟು ಸುಲಭವಲ್ಲ. ಸಾಲದಲ್ಲಿ ಲಾರಿ ಕೊಂಡವರಿಗಂತೂ ಕಂತು ತೀರುವವರೆಗೆ ದೂರದ ಬಾಡಿಗೆಯನ್ನು ಬಿಡಲಾಗದು. ಆದರೂ ‘ಹತ್ತು ಸಾವಿರ’ ಎಂದು ಹೆದರಿ ಕೂರುವುದಕ್ಕೂ, ‘ನಾಲ್ಕು ಸಾವಿರಕ್ಕೆ ಏನು ದಾರಿ?’ ಎಂದು ಯೋಚಿಸುವುದಕ್ಕೂ ವ್ಯತ್ಯಾಸವಿದೆ. ಮೂರು ತಿಂಗಳ ಮನೆಖರ್ಚು ಕೈಯಲ್ಲಿಟ್ಟುಕೊಂಡು, ಬೇಸಿಗೆ ರಜೆಯ ಹೊತ್ತಿಗೆ ಬದಲಾವಣೆ ಮಾಡಿಕೊಂಡರೆ ಶಾಲೆಯ ವರ್ಷ ಶುರುವಾಗುವಷ್ಟರಲ್ಲಿ ಮನೆ ಹೊಸ ಲಯಕ್ಕೆ ಹೊಂದಿಕೊಳ್ಳುತ್ತದೆ.

ಅಂಚೆಯವರ ಉಪಾಯ

ಪೂರ್ತಿ ದೂರ, ಪೂರ್ತಿ ಹತ್ತಿರ ಇವೆರಡರ ನಡುವೆಯೂ ದಾರಿಗಳಿವೆ. ಅಮೆರಿಕದಲ್ಲಿ ಲಾರಿ ಕೆಲಸವನ್ನು ಮೂರು ತೆರನಾಗಿ ವಿಂಗಡಿಸುತ್ತಾರೆ: ವಾರಗಟ್ಟಲೆ ಹೊರಗಿರುವುದು, ವಾರಕ್ಕೊಮ್ಮೆ ಮನೆ ಸೇರುವುದು, ದಿನವೂ ಮನೆಗೆ ಮರಳುವುದು. ನಮ್ಮಲ್ಲಿ ಹುಬ್ಬಳ್ಳಿ–ಬೆಂಗಳೂರು, ಮಂಗಳೂರು–ಬೆಂಗಳೂರಿನಂಥ ಮಾರ್ಗಗಳು ನಡುವಣ ತೆರನಾದವು. ಸುಮಾರು 400 ಕಿ.ಮೀ.ಯ ಒಳಗಿನ ದೂರ. ಇಂದು ಹೋದವರು ನಾಳೆಯೋ ನಾಡಿದ್ದೋ ಮನೆಯಲ್ಲಿರುತ್ತಾರೆ. ಒಮ್ಮೆಲೇ ಊರಿನ ಕೆಲಸಕ್ಕೆ ಇಳಿಯಲಾಗದವರಿಗೆ ಇದು ನಡುಮೆಟ್ಟಿಲು.

ಇನ್ನೊಂದು ಉಪಾಯ ಬಹಳ ಹಳೆಯದು. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಹಿಂದಿನ ಕಾಲದ ಅಂಚೆಯ ಓಟಗಾರ ತನ್ನ ಹಂತದವರೆಗೆ ಓಡಿ, ಚೀಲವನ್ನು ಮುಂದಿನವನ ಹೆಗಲಿಗೆ ಹಾಕಿ ಹಿಂದಿರುಗುತ್ತಿದ್ದ. ಚೀಲ ನೂರಾರು ಮೈಲಿ ಹೋದರೂ ಓಟಗಾರ ತನ್ನೂರನ್ನು ಬಿಟ್ಟು ಬಹುದೂರ ಹೋಗುತ್ತಿರಲಿಲ್ಲ. ಇದೇ ತತ್ತ್ವವನ್ನು ಲಾರಿಗೆ ಅಳವಡಿಸಿದ್ದು 2014ರಲ್ಲಿ ಗುರುಗ್ರಾಮದಲ್ಲಿ ಆರಂಭವಾದ ರಿವಿಗೊ ಎಂಬ ಸಂಸ್ಥೆ. ಕೆಲವು ಗಂಟೆಗಳ ಹಾದಿಗೊಂದು ನಿಲ್ದಾಣ ಮಾಡಿ, ಅಲ್ಲಿ ಚಾಲಕ ಬದಲಾಗುವಂತೆ ಏರ್ಪಾಟು ಮಾಡಿತು. ಲಾರಿ ಮುಂದೆ ಹೋಗುತ್ತದೆ. ಚಾಲಕ ಎದುರಿನಿಂದ ಬಂದ ಇನ್ನೊಂದು ಲಾರಿ ಹಿಡಿದು ತನ್ನೂರಿಗೆ ಮರಳುತ್ತಾನೆ. ಆ ಸಂಸ್ಥೆಯ ಸರಕು ಸಾಗಣೆಯ ವ್ಯವಹಾರವನ್ನು 2022ರಲ್ಲಿ ಮಹೀಂದ್ರಾ ಲಾಜಿಸ್ಟಿಕ್ಸ್ ಕೊಂಡಿತು. ಇಂಥ ಏರ್ಪಾಟಿಗೆ ಎರಡೂ ದಿಕ್ಕಿನಲ್ಲಿ ಸತತವಾಗಿ ಸರಕು ಇರಬೇಕು, ಹೆಚ್ಚು ಲಾರಿಗಳಿರಬೇಕು. ಒಂದೆರಡು ಲಾರಿಗಳ ಮಾಲೀಕರಿಗೆ ಇದು ಎಟುಕುವುದಿಲ್ಲ. ಆದರೂ ಸರಕು ದೂರ ಹೋಗಲು ಮನುಷ್ಯನೂ ದೂರ ಹೋಗಲೇಬೇಕೆಂದಿಲ್ಲ ಎಂಬುದನ್ನು ಇದು ತೋರಿಸಿಕೊಟ್ಟಿತು.

ಮನೆಗೆ ಬಂದ ಮೇಲೆ

ಅಪ್ಪ ಊರಿನ ಕೆಲಸಕ್ಕೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಇಷ್ಟು ವರ್ಷ ಅಮ್ಮ ಒಬ್ಬರೇ ಮನೆ ತೂಗಿಸಿದ್ದಾರೆ. ರೇಷನ್ನು, ಆಸ್ಪತ್ರೆ, ಶಾಲೆಯ ಪೋಷಕರ ಸಭೆ ಎಲ್ಲವೂ ಅವರ ತಲೆಯ ಮೇಲೆಯೇ. ಮಕ್ಕಳೂ ತಮ್ಮದೇ ಪದ್ಧತಿಗೆ ಒಗ್ಗಿದ್ದಾರೆ. ಹೀಗಿರುವಾಗ ಅಪ್ಪ ಬಂದ ಮೊದಲ ವಾರವೇ ಇನ್‌ಸ್ಪೆಕ್ಟರರಂತೆ ‘ಇದೇಕೆ ಹೀಗೆ, ಅದೇಕೆ ಹಾಗೆ’ ಎಂದು ಶುರುಮಾಡಿದರೆ ಮನೆಯಲ್ಲಿ ಕಿರಿಕಿರಿ ತಪ್ಪದು. ಎರಡು ದಿನಕ್ಕೆ ಬಂದಾಗ ಮಿಠಾಯಿ ತಂದುಕೊಡುತ್ತಿದ್ದ ಅಪ್ಪ, ದಿನವೂ ಓದು ಎನ್ನುವ ಅಪ್ಪನಾದಾಗ ಮಕ್ಕಳಿಗೂ ಕಸಿವಿಸಿಯಾಗುತ್ತದೆ. ಎರಡು ಕಡೆಯವರೂ ಕೆಲವು ತಿಂಗಳು ತಾಳ್ಮೆ ತಂದುಕೊಳ್ಳಬೇಕು. ಅಪ್ಪನ ನಿದ್ದೆಗೂ ಹೊತ್ತು ಬೇಕು. ಮಧ್ಯಾಹ್ನ ಮಲಗಿದಾಗ ಟಿ.ವಿ. ಸದ್ದು ಇಳಿಸುವುದು ಮಕ್ಕಳು ಮಾಡಬಹುದಾದ ಸಣ್ಣ ಸೇವೆ.

‘ನಾನು ಓದಿದವನಲ್ಲ, ಮಕ್ಕಳಿಗೆ ಏನು ಹೇಳಿಕೊಡಲಿ?’ ಎಂದು ಅನೇಕ ಚಾಲಕರು ಹಿಂಜರಿಯುತ್ತಾರೆ. ಅವರಿಗೆ ಗೊತ್ತಿರುವುದು ಪುಸ್ತಕದಲ್ಲೂ ಇದೆ. ಶಿರಾಡಿ ಘಾಟಿ ಇಳಿಯುವಾಗ ತೂಕದ ಲಾರಿಯನ್ನು ಬರೀ ಬ್ರೇಕಿನ ಮೇಲೆ ಇಳಿಸದೆ ಚಿಕ್ಕ ಗೇರಿಗೆ ಹಾಕುವುದೇಕೆ? ಚಲನಶಕ್ತಿ ಉಷ್ಣವಾಗಿ ಬ್ರೇಕ್ ಡ್ರಮ್ಮು ಕಾದರೆ ಹಿಡಿತವೇ ಹೋಗುತ್ತದೆ ಎಂಬುದನ್ನು ಅವರು ಅಂಗೈಯಲ್ಲಿ ಅರಿತಿದ್ದಾರೆ. ದೆಹಲಿಯ ದಾರಿಯಲ್ಲಿ ತುಂಗಭದ್ರೆ, ಕೃಷ್ಣೆ, ಗೋದಾವರಿ, ನರ್ಮದೆ, ಚಂಬಲ್, ಯಮುನೆಗಳನ್ನು ಇದೇ ಕ್ರಮದಲ್ಲಿ ದಾಟಿದವರು ಅವರು. ಮಕ್ಕಳು ಭೂಪಟ ಹರಡಿ ‘ಅಪ್ಪಾ, ಈ ಹೊಳೆ ಎಲ್ಲಿ ಸಿಕ್ಕಿತು?’ ಎಂದು ಕೇಳಿದರೆ ಸಾಕು. ಒಂದು ಸಂಜೆಯ ಪಾಠಕ್ಕೆ ಬೇಕಾದಷ್ಟು ಸರಕು ಅಲ್ಲಿದೆ.

ದೂರದ ಲಾರಿಗಳು ನಿಲ್ಲಬೇಕೆಂದು ಯಾರೂ ಹೇಳುವುದಿಲ್ಲ. ಸಾಲ ತೀರದವರು, ವಯಸ್ಸಿನವರು, ದೇಶ ನೋಡುವ ಹುಮ್ಮಸ್ಸಿನವರು ಆ ಕೆಲಸ ಮಾಡುತ್ತಾರೆ. ಅವರಿಲ್ಲದೆ ನಮ್ಮ ಮನೆಗಳಿಗೆ ಗೋಧಿಯೂ ಬಾರದು, ಈರುಳ್ಳಿಯೂ ಬಾರದು. ಆದರೆ ಮಕ್ಕಳು ಬೆಳೆಯುವ ನಾಲ್ಕಾರು ವರ್ಷ ಮತ್ತೆ ಬರುವುದಿಲ್ಲ. ಅಪ್ಪ ಈ ಸಲ ಊರಿಗೆ ಬಂದಾಗ ಮನೆಯ ಹೈಸ್ಕೂಲು ವಿದ್ಯಾರ್ಥಿಯೇ ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆಯಲಿ. ಒಂದು ಕಡೆ ತಿಂಗಳ ಹಣ, ಇನ್ನೊಂದು ಕಡೆ ತಿಂಗಳ ಗಂಟೆಗಳು. ಅಮ್ಮ ಖರ್ಚು ಹೇಳಲಿ, ಅಪ್ಪ ಬಾಟಾ ಹೇಳಲಿ. ಕೂಡುವುದು, ಕಳೆಯುವುದು ಮಕ್ಕಳ ಕೆಲಸ. ಕೊನೆಗೆ ಲಾರಿಯಲ್ಲೇ ಮುಂದುವರಿಯುವ ತೀರ್ಮಾನವಾದರೂ ಚಿಂತೆಯಿಲ್ಲ. ಅಪ್ಪ ಯಾಕೆ ದೂರವಿದ್ದಾರೆ, ಇನ್ನೆಷ್ಟು ಕಾಲ ದೂರವಿರಬೇಕು ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿರುತ್ತದೆ.